ಮೂಸೆಯ್ ಅಂದರೆ ಮೂಸಿದ ಯಮುನಾಬಾಯಿ

ಬೆಳಗಿನ ಐದೂಮುಕ್ಕಾಲು. ಹೈದರಾಬಾದಿನ ಬಾಲಾನಗರದ ಪಂಪು ರಿಪೇರಿ ಶೆಡ್ಡಿನ ಬಾಗಿಲಿಗೆ ಲಾರಿಯೊಂದು ಹಿಂದಕ್ಕೆ ಬಂದು ನಿಂತಿದೆ. ಒಳಗೆ ಯಮುನಾಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೊಂದು ಖಾಕಿ ಅಂಗಿ ತೊಟ್ಟು, ಪರೀಕ್ಷೆಯ ಕಟ್ಟೆಯ ಮೇಲಿರುವ ಪಂಪಿಗೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಾರೆ. ಒಂದು ತಂಬಿಗೆ, ಎರಡು, ಮೂರು. ಗಾಳಿಯ ಗುಳ್ಳೆ ಏಳುವುದು ನಿಂತ ಮೇಲೆಯೇ ಬಿರಡೆ ಬಿಗಿಯುತ್ತಾರೆ. "ಮನಿಗೆ ಬಂದವ್ರಿಗೆ ಮೊದಲ ನೀರು ಕೊಡ್ತೀವಿ, ಆಮ್ಯಾಲ ಯಾಕ ಬಂದ್ರಿ ಅಂತ ಕೇಳ್ತೀವಿ. ಇದಕ್ಕೂ ಹಂಗರಿ. ಹೊಟ್ಟ್ಯಾಗ ಹವಾ ಇಟ್ಕೊಂಡು ಎಷ್ಟ್ ತಿರಗಿದ್ರೂ ಒಂದ್ ಹನಿ ಎತ್ತೂದಿಲ್ಲ," ಎನ್ನುತ್ತಲೇ ಗುಂಡಿ ಒತ್ತುತ್ತಾರೆ.

ಔಷಧ ಕಾರ್ಖಾನೆಯೊಂದರ ಯಂತ್ರಗಳನ್ನು ತಂಪಾಗಿಡುವ ನೀರಿನ ಪಂಪು ಅದು. ಏಳಕ್ಕೆ ಲಾರಿ ಹೊರಡಬೇಕು. ಅದಕ್ಕೆ ಮೊದಲು ಒಂದು ತಾಸು ಓಡಿಸಿ ನೋಡಿ, ಚೀಟಿಗೆ ಸಹಿ ಮಾಡಬೇಕು. ಇವತ್ತಿನ ವಿಶೇಷ ಇರುವುದು ಆ ಸಹಿಯಲ್ಲಿ. ಇಪ್ಪತ್ತೇಳು ವರ್ಷಗಳಿಂದ ಈ ಶೆಡ್ಡಿನಲ್ಲಿದ್ದರೂ ಯಮುನಾಬಾಯಿಯ ಹೆಸರು ಈತನಕ ಒಂದು ಚೀಟಿಯ ಮೇಲೂ ಬಂದಿಲ್ಲ. ಪರೀಕ್ಷಿಸುವವರು ಇವರು, ಸಹಿ ಹಾಕುವವರು ಸರ್ಟಿಫಿಕೇಟು ಉಳ್ಳ ಮಹಾಶಯರು. ಇವರು "ಬ್ಯಾಡ" ಎಂದ ಪಂಪೂ ಅವರ ಸಹಿ ಬಿದ್ದರೆ ಹೊರಗೆ ಹೋಗುತ್ತಿತ್ತು. ಹೋದ ವಾರವಷ್ಟೇ ಸರ್ಟಿಫಿಕೇಟು ಇವರ ಕೈಗೂ ಬಂದಿದೆ.

ಐವತ್ತಾರರ ಯಮುನಾಬಾಯಿ ಬಾಗಲಕೋಟೆ ಕಡೆಯವರು. ಮದುವೆಯಾಗಿ ನಾರಾಯಣಗೂಡಕ್ಕೆ ಬಂದರು. ಪತಿ ಗುರುರಾಜ ನಾಂಪಲ್ಲಿಯ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಬಿದ್ದು ಸೊಂಟ ಮುರಿದುಕೊಂಡು ಅವರು ಹಾಸಿಗೆ ಹಿಡಿದಾಗ, ಏಳನೇ ಇಯತ್ತೆ ಓದಿದ ಈಕೆ ಪಂಪಿನ ಬಿಡಿಭಾಗ ತೊಳೆಯುವ ಕೆಲಸಕ್ಕೆ ಇಲ್ಲಿಗೆ ಬಂದರು. ಅಲ್ಲಿಯವರೆಗೆ ಮನೆಯಲ್ಲಿ, ಓಣಿಯಲ್ಲಿ ಕನ್ನಡ. ಬಾಜಾರಕ್ಕೆ ಹೋದರೆ ಹರಕುಮುರುಕು ಹಿಂದಿ. ತೆಲುಗಿನ ಗಂಧವೂ ಇರಲಿಲ್ಲ.

ಗಂಧ ಎಂದೆನಲ್ಲ, ಕತೆ ಇರುವುದೇ ಅಲ್ಲಿ. ಕೆಲಸಕ್ಕೆ ಸೇರಿದ ಮೂರನೇ ದಿನ. ಪೈಪಿನಿಂದ ನೀರು ಚಿಮ್ಮುತ್ತಿದೆ. ಫೋರ್‌ಮನ್ ಮಲ್ಲಣ್ಣ, ಅಪ್ಪಟ ತೆಲಂಗಾಣದವರು, ದೂರದಿಂದ ಕೂಗುತ್ತಾರೆ: "ಅಮ್ಮಾ, ವಾಲ್ವ್ ಮೂಸೆಯ್!" ಮುಚ್ಚು ಎಂಬುದಕ್ಕೆ ಅವರ ತೆಲುಗು ಅದು. ನಮ್ಮ ಕನ್ನಡತಿಗೆ ಕೇಳಿಸಿದ್ದೇ ಬೇರೆ. "ಬಗ್ಗಿ ಮೂಗು ಹಚ್ಚಿ ಮೂಸಿದ್ನಿರಿ. ಏನೂ ವಾಸನಿ ಇಲ್ರಿ ಅಂದೆ. ಮತ್ತ ಒದರಿದ್ರು. ಮತ್ತ ಮೂಸಿದೆ! ಆವಾಗ ಅವ್ರ ಓಡಿ ಬಂದು ಬಂದ್ ಮಾಡಿದ್ರು, ಪೂರಾ ತೊಯ್ಸ್ಕೊಂಡು." ಅವತ್ತಿನಿಂದ ಶೆಡ್ಡಿನಲ್ಲಿ ಇವರ ಹೆಸರು ಮೂಸೆಯಮ್ಮ. ಈಗಲೂ ಮಲ್ಲಣ್ಣ ಕಟ್ಟೆಯ ಪಕ್ಕ ಹಾಯುವಾಗ ತಮ್ಮ ಮೂಗು ಮುಟ್ಟಿಕೊಳ್ಳುತ್ತಾರೆ, ಯಮುನಾಬಾಯಿ ಸುಳ್ಳುಸಿಟ್ಟು ತೋರಿಸುತ್ತಾರೆ.

ಅಚ್ಚರಿಯೆಂದರೆ, ಚೇಷ್ಟೆಗೆ ಇಟ್ಟ ಹೆಸರೇ ವಿದ್ಯೆಯಾಯಿತು. ಹೇಗೂ ಎಲ್ಲರೂ ನಗುತ್ತಾರೆ, ಮೂಸಿಯೇ ನೋಡೋಣ ಎಂದು ಬಂದ ಪಂಪನ್ನೆಲ್ಲ ಮೂಸತೊಡಗಿದರು. ಮೋಟರಿನ ಸುರುಳಿ ಸುಟ್ಟ ವಾಸನೆ ಒಂದು ಬಗೆ, ಗ್ರೀಸು ಕಾದದ್ದು ಇನ್ನೊಂದು, ನೀರು ಸೋರದಂತೆ ತಡೆಯುವ ಸೀಲಿನ ರಬ್ಬರು ಕಮರಿದ್ದು ಮತ್ತೊಂದು. ವರ್ಷ ತುಂಬುವುದರೊಳಗೆ ತೊಳೆಯುವ ತೊಟ್ಟಿಯಿಂದ ಪರೀಕ್ಷೆಯ ಕಟ್ಟೆಗೆ ಬಡ್ತಿ ಸಿಕ್ಕಿತು.

ದಿನಕ್ಕೆ ಐದಾರು ಪಂಪು, ತಿಂಗಳಿಗೆ ನೂರಿಪ್ಪತ್ತರ ಮೇಲೆ. ಎಲ್ಲವೂ ಒಂದೇ ಜಾತಿಯವಲ್ಲ. ಕಟ್ಟಡಗಳಿಗೆ, ಕಾರ್ಖಾನೆಗಳಿಗೆ ನೀರು ಹೊಡೆಯುವ ಚಕ್ರದ ಪಂಪುಗಳೇ ಹೆಚ್ಚು. ಎಣ್ಣೆ, ಡಾಂಬರು ಸಾಗಿಸಲು ಹಲ್ಲಿನ ಎರಡು ಚಕ್ರಗಳ ಗೇರ್ ಪಂಪು. ನೀರಿಗೆ ಕ್ಲೋರಿನ್ನನ್ನು ಹನಿಹನಿಯಾಗಿ ಅಳೆದು ಬಿಡಲು ರಬ್ಬರಿನ ಪೊರೆಯ ಪಂಪು. ರಾಡಿಗೆ, ಟೊಮೆಟೊ ರಸಕ್ಕೆ ತಿರುಪಿನ ಪಂಪು. "ಒಂದೊಂದರ ಸ್ವಭಾವ ಒಂದೊಂದ್ ನಮೂನಿರಿ. ಚಕ್ರದ್ದು ಗಡಿಬಿಡಿ ಮನಷ್ಯಾ, ನೀರು ತೆಳ್ಳಗಿದ್ರ ಖುಷಿ. ಗೇರಿಂದು ನಿಧಾನ, ಖರೆ ದಪ್ಪನ್ನ ಎಣ್ಣಿ ಬೇಕು. ಒಣಾ ಓಡ್ಸಿದ್ರಿ, ಹಲ್ಲು ಕಚ್ಚಿ ಕೂತಬಿಡ್ತೈತಿ. ತಿರುಪಿಂದು ಪಾಪ, ಎಂಥಾ ರಾಡಿ ಕೊಟ್ರೂ ಉಣ್ತೈತಿ," ಎಂದು ಮನೆಯ ಸೊಸೆಯಂದಿರ ಗುಣ ಹೇಳುವ ಅತ್ತೆಯ ಗತ್ತಿನಲ್ಲಿ ವಿವರಿಸುತ್ತಾರೆ.

ನಾಲ್ಕು ವರ್ಷದ ಹಿಂದಿನ ಮಾತು ಬಂದಾಗ ಮಾತ್ರ ಆ ದನಿ ಕುಗ್ಗುತ್ತದೆ. ಒಂದು ಬಿಸಿನೀರಿನ ಪಂಪು. ಸೀಲಿನ ಹತ್ತಿರ ಕಮರು ವಾಸನೆ ಇದೆ, ಕಳಿಸಬೇಡಿ ಎಂದರು. ಆಗ ಇದ್ದ ಎಂಜಿನಿಯರ ನಕ್ಕು ಸಹಿ ಮಾಡಿದ. ಮೂರನೇ ದಿನ ಸೀಲು ಹರಿದು ಪಂಪು ಹೋದ ಕಾರ್ಖಾನೆಯ ಕೆಲಸಗಾರನೊಬ್ಬನ ಮುಂಗೈ ಬೆಂದಿತು. "ದವಾಖಾನಿಗೆ ಹೋಗಿ ನೋಡ್ಕೊಂಡ್ ಬಂದೆ. ನಾ ಹೇಳಿದ್ನಲ್ಲಾ ಅಂತ ಯಾರ ಮುಂದ ಹೇಳ್ಲಿರಿ?" ಎನ್ನುತ್ತಾರೆ. ನನಗೂ ಆ ಎಂಜಿನಿಯರನ ಮೇಲೆ ಕೆಟ್ಟ ಸಿಟ್ಟು ಬಂತು, ಮುಚ್ಚುಮರೆ ಯಾಕೆ.

ಶೆಡ್ಡಿನ ಮಾಲೀಕ ಜಯತೀರ್ಥ ಸಿಟ್ಟಿನ ಜೊತೆಗೆ ಕೆಲಸವನ್ನೂ ಮಾಡಿದರು. ಅನುಭವ ಇದ್ದವರು ನೇರವಾಗಿ ಪರೀಕ್ಷೆಗೆ ಕೂತು ಸರ್ಟಿಫಿಕೇಟು ಪಡೆಯಬಹುದೆಂದು ತಿಳಿದು ಅರ್ಜಿ ತಂದುಕೊಟ್ಟರು. ಮೊದಲ ಸಲ ಯಮುನಾಬಾಯಿ ಬರವಣಿಗೆಯಲ್ಲಿ ನಪಾಸಾದರು. ಈ ಸಲ ಬರವಣಿಗೆ ಹೇಗೋ ದಾಟಿತು. ಮಾತಿನ ಪರೀಕ್ಷೆಯಲ್ಲಿ, ಒಳಬರುವ ನೀರು ಕಡಿಮೆಯಾದರೆ ಹೇಗೆ ತಿಳಿಯುತ್ತದೆ ಎಂದು ಕೇಳಿದರಂತೆ. "ಹೊಟ್ಟಿಗೆ ಸಾಲದಿದ್ರ ಪಂಪು ಹಳ್ಳು-ಕಲ್ಲು ಅಗದಂಗ ಸಪ್ಪಳ ಮಾಡ್ತೈತಿ" ಎಂಬುದನ್ನೇ ಹಿಂದಿಗೆ ತಿರುಗಿಸಿ ಹೇಳಿದರು. ಕೊನೆಗೆ, ಕಡಿಮೆ ನೀರು ಎತ್ತುವ ಪಂಪೊಂದನ್ನು ಮುಂದಿಟ್ಟರು. ಉಳಿದವರು ಜಾಲರಿ ಬಿಚ್ಚಿ ಕಸ ಹುಡುಕುತ್ತಿದ್ದರೆ, ಇವರು ಸ್ವಿಚ್ಚು ಆರಿಸಿ, ನಿಧಾನವಾಗುತ್ತಿದ್ದ ದಂಡ ತಿರುಗುವ ದಿಕ್ಕು ನೋಡಿದರು. ಬಾಣದ ಗುರುತು ಒಂದು ಕಡೆ, ಪಂಪು ತಿರುಗುತ್ತಿದ್ದದ್ದು ಇನ್ನೊಂದು ಕಡೆ. ಎರಡು ತಂತಿ ಅದಲುಬದಲು ಮಾಡಿದ್ದೇ ತಡ, ನೀರು ಭರ್ರೆಂದು ಬಂತು.

ಆರೂಮುಕ್ಕಾಲು. ಕಟ್ಟೆಯ ಮೇಲಿನ ಪಂಪಿಗೆ ಒಂದು ತಾಸು ತುಂಬಿದೆ. ನೀರಿನ ಒತ್ತಡ ಸರಿಯಿದೆ, ಸೋರಿಕೆ ಇಲ್ಲ, ವಾಸನೆಯೂ ಇಲ್ಲ. ಯಮುನಾಬಾಯಿ ಬೇರಿಂಗ್ ಕೂತ ಜಾಗದ ಮೇಲೆ ಅಂಗೈ ಇಟ್ಟು ಎಣಿಸುತ್ತಾರೆ. ಹತ್ತರತನಕ ತಾಳಿದರೆ ಸರಿ ಎಂಬುದು ಅವರ ಲೆಕ್ಕ. ಆರಕ್ಕೇ ಕೈ ಕಿತ್ತುಕೊಳ್ಳುತ್ತಾರೆ. ಉಷ್ಣಮಾಪಕ ಹಚ್ಚಿ ನೋಡಿದರೆ ಅದೂ ಗೆರೆ ದಾಟಿದೆ, ಇನ್ನೂ ಏರುತ್ತಿದೆ.

ಫೋನು ಹಿಡಿದೇ ಬಂದ ಜಯತೀರ್ಥ ಗೋಗರೆಯುತ್ತಾರೆ: "ಯಮುನಕ್ಕಾ, ಅಲ್ಲಿ ಕೆಲಸ ನಿಂತೈತಿ, ಫೋನ್ ಮ್ಯಾಲ ಫೋನ್ ಬರಾಕತ್ತಾವ. ಸ್ವಲ್ಪ ಬಿಸಿ ಅಷ್ಟ ಅಲ್ಲ? ಇವತ್ತ ಕಳಸೂಣು, ನಾಳೆ ನಾವ ಹೋಗಿ ನೋಡೂಣು."

"ಸಾಹೇಬ್ರ, ಸರ್ಟಿಫಿಕೇಟ್ ತಗೋರಿ ಅಂತ ಬೆನ್ನ ಹತ್ತಿದವ್ರು ನೀವ. ಈಗ ಸುಮ್ಮನ ನಿಂದರ್ರಿ."

ಎಣ್ಣೆಗೈ ಒರೆಸಿಕೊಂಡು ಚೀಟಿ ಎಳೆದುಕೊಳ್ಳುತ್ತಾರೆ. ಫಲಿತಾಂಶದ ಜಾಗದಲ್ಲಿ 'ಫೇಲ್' ಎಂದು ಬರೆದು, ಕೆಳಗೆ ದುಂಡನೆಯ ಕನ್ನಡದಲ್ಲಿ ಪೂರ್ತಿ ಹೆಸರು ಹಾಕುತ್ತಾರೆ. ಜಯತೀರ್ಥ ಚೀಟಿಯನ್ನೊಮ್ಮೆ, ಇವರನ್ನೊಮ್ಮೆ ನೋಡಿ ಫೋನು ಕಿವಿಗೆ ಹಚ್ಚುತ್ತಾರೆ: "ಇವತ್ತ ಬರಂಗಿಲ್ರಿ." ಹೊರಗೆ ಚಾಲಕ ಎಂಜಿನ್ ಆರಿಸುತ್ತಾನೆ.

ಮೊದಲ ಸಹಿಯೇ ಹೀಗಾಯಿತಲ್ಲ ಎಂದು ಕೇಳುತ್ತೇನೆ. ಆಗಲೇ ಪಂಪಿನ ಬೋಲ್ಟಿಗೆ ಪಾನಾ ಹಚ್ಚಿರುವ ಯಮುನಾಬಾಯಿ ತಲೆ ಎತ್ತದೆಯೇ ಹೇಳುತ್ತಾರೆ:

"ಇಷ್ಟ್ ವರ್ಷ ನಾ ಬ್ಯಾಡ ಅಂದ್ರ ಅದು ಬರೇ ಮಾತಾಗಿತ್ರಿ. ಇವತ್ತ ಬ್ಯಾಡ ಅಂದೆ, ಲಾರಿ ನಿಂತೈತಿ."