ಹಚ್ಚೆ ಕೈಯ ಕಾಫಿ

ಕೇಳಿ ಸ್ನೇಹಿತರೇ, ಈಗಷ್ಟೇ ಬೆಂಗಳೂರಿನಿಂದ ಬಂದು ಹೊಸಕೋಟೆಯಲ್ಲಿ ಬಸ್ಸಿಳಿದೆ. ಮಹಾಯುದ್ಧ ಮುಗಿದ ಮೇಲೆ ಶುರುವಾದ ವಿಮಾನ ಕಂಪನಿಯೊಂದು ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ಕರೆದಿತ್ತು, ನಾನೂ ಹೋಗಿದ್ದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೊನೆಗೆ, ಪ್ರಯಾಣಿಕರಿಗೆ ಕೊಡುವ ಹಾಗೆ ಕಾಫಿ ಕೊಡು ಎಂದರು. ಕೊಟ್ಟೆ. ಮ್ಯಾನೇಜರರ ಕಣ್ಣು ನನ್ನ ಮುಂಗೈಯ ಹಚ್ಚೆಯ ಮೇಲೆ ಬಿತ್ತು.

“ಏನಮ್ಮಾ ಇದು? ಈ ಕೈಯಿಂದ ದೊಡ್ಡ ಮನುಷ್ಯರು ಕಾಫಿ ಇಸ್ಕೊಳ್ತಾರಾ? ಅಳಿಸ್ಕೊಂಡು ಬಾ, ಇಲ್ಲಾ ತುಂಬು ತೋಳಿನ ರವಿಕೆ ಹಾಕ್ಕೋ.”

“ಅಳಿಸೋಕೆ ಇದೇನು ರಂಗೋಲಿನಾ ಸ್ವಾಮಿ? ಹಚ್ಚೆ ಇಲ್ಲದ ಕೈಯಿಂದ ನಮ್ಮಜ್ಜಿ ನೀರೂ ಇಸ್ಕೊಳ್ಳಲ್ಲ. ನಾನು ಮುಚ್ಚಿಡಲ್ಲ.”

“ಕಂಪನಿ ಮರ್ಯಾದೆ ಪ್ರಶ್ನೆ ಕಣಮ್ಮಾ. ಮೈಮೇಲೆ ಚಿತ್ರ ಬರೆಸ್ಕೊಂಡೋರು ನಮ್ಮಲ್ಲಿ ಯಾರೂ ಇಲ್ಲ.”

ಕಿಟಕಿಯಾಚೆ ಅವರದೇ ವಿಮಾನ ನಿಂತಿತ್ತು. ಅದರ ಪಕ್ಕೆಯ ಮೇಲೆ ಆಳೆತ್ತರದ ಹದ್ದಿನ ಚಿತ್ರ, ಕೆಳಗೆ ಕಂಪನಿಯ ಹೆಸರು. ನಾನು ಸುಮ್ಮನೆ ಅತ್ತ ಬೆರಳು ಮಾಡಿದೆ. ಮ್ಯಾನೇಜರರು ತಿರುಗಿ ನೋಡಿದರು, ಕಾಫಿ ಗುಟುಕರಿಸಿದರು.

“ನಾಳೆ ಬಾ, ನೋಡೋಣ.”

ಹೋಗುತ್ತೇನೆ, ಇದೇ ಗಿಡ್ಡ ತೋಳಿನ ರವಿಕೆಯಲ್ಲಿ. ಮೊದಲು ಆ ವಿಮಾನಕ್ಕೆ ತುಂಬು ತೋಳು ಹೊಲಿಸಲಿ, ಆಮೇಲೆ ನನ್ನ ಅಳತೆ ತೆಗೆಯಲಿ.