ಗೇಟಿನ ತನಕ ಹಾಸಿದ ಫರ್ಸಿ

ಶಹಾಬಾದ ಕಲ್ಲಿನ ಸೀಮೆಯವರಿಗೆ ಕಲ್ಲಿನ ಮೇಲೆ ಒಂಥರಾ ಕುರುಡು ನಂಬಿಕೆ. ನೆಲಕ್ಕೆ ಫರ್ಸಿ, ಕಟ್ಟೆಗೆ ಫರ್ಸಿ, ಹಳೆಯ ಮನೆಗಳಲ್ಲಿ ಮಾಳಿಗೆಗೂ ಫರ್ಸಿ. ಈ ಹಾಸುಗಲ್ಲು ಬಿತ್ತೆಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಈಗ ಯಾರಾದರೂ ನಮ್ಮ ಅಂಗಳ ನೋಡಿ "ಏನ್ ಛಂದ ಹಾಕಿಸೀರ್ರಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೇಡಂನ ನಮ್ಮ ಮನೆಯ ಎದುರಿಗೇ, ಓಣಿ ದಾಟಿದರೆ, ನನ್ನ ಹೆಂಡತಿ ಪಾಠ ಹೇಳುತ್ತಿದ್ದ ಪ್ರಾಥಮಿಕ ಶಾಲೆ. ಹಿಂದಿನ ವರ್ಷ ಬಸ್ಸಿನಿಂದ ಇಳಿಯುವಾಗ ಬಿದ್ದು ಬೆನ್ನಿಗೆ ಪೆಟ್ಟಾಗಿ ಅವಳ ಕಾಲಿನ ಶಕ್ತಿ ಹೋಗಿತ್ತು. ಗುಲಬರ್ಗಾ, ಹೈದರಾಬಾದ್ ಎಂದು ಆಸ್ಪತ್ರೆ ಸುತ್ತಿ ವಾಪಸ್ ಬಂದಾಗ ನಮ್ಮ ಪಾಲಿಗೆ ಉಳಿದದ್ದು ಒಂದು ಗಾಲಿ ಕುರ್ಚಿ. ಅವಳ ರಜೆಯೆಲ್ಲ ತೀರಿತ್ತು. ಬೇಸಿಗೆ ಸೂಟಿ ಮುಗಿದು ಶಾಲೆ ತೆರೆದ ದಿನ ಕೆಲಸಕ್ಕೆ ಹಾಜರಾಗಲೇಬೇಕಿತ್ತು. ಶಾಲೆಗೆ ಮೆಟ್ಟಿಲಿರಲಿಲ್ಲ, ಓಣಿಗೆ ಡಾಂಬರಿತ್ತು. ಅಡ್ಡಿ ಇದ್ದದ್ದು ನಮ್ಮದೇ ಅಂಗಳದಲ್ಲಿ. ಬಾಗಿಲಿನಿಂದ ಗೇಟಿನವರೆಗೆ ಬರೀ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತಿಟ್ಟುಕೊಳ್ಳುವ ಕೆಸರು.

"ದಿನಾ ಮುಂಜಾನಿ ಯಾರನ್ನರ ಕರದು ಕುರ್ಚಿ ಸಮೇತ ಎತ್ತಿ ಒಯ್ಯೋಣ ಬಿಡು" ಎಂದೆ.

"ಮಂದಿ ಕೈಲೆ ಎತ್ತಿಸ್ಕೊಂಡು ಹೋಗಿ ಹುಡುಗರ ಮುಂದ ನಾ ಕುಂದ್ರಂಗಿಲ್ಲರಿ. ಹೋದ್ರ ನನ್ನ ಕೈಲೆ ಗಾಲಿ ತಿರುವಿಕೊಂಡು ಹೋಗತೀನಿ. ಇಲ್ಲಂದ್ರ ಇಲ್ಲ."

ಅವಳ 'ಇಲ್ಲಂದ್ರ ಇಲ್ಲ' ಎಂಥದ್ದೆಂದು ಮದುವೆಯಾದ ಹೊಸದರಲ್ಲೇ ನನಗೆ ತಿಳಿದಿತ್ತು. ಅಂಗಳಕ್ಕೆ ಫರ್ಸಿ ಹಾಕಿಸುವುದೆಂದು ಆಯಿತು. ಅಗತ್ಯ ಬಿದ್ದರೆ ಆಟೋ ಕೂಡ ಬಾಗಿಲ ತನಕ ಬರುವಷ್ಟು ಅಗಲಕ್ಕೆ.

ಕಲ್ಲು ಆರಿಸಲು ತಾನೇ ಬರುತ್ತೇನೆಂದು ಹಟ ಹಿಡಿದಳು. ಜೀಪು ಮಾಡಿಕೊಂಡು ಚಿತ್ತಾಪುರ ದಾಟಿ, ವಾಡಿ ರಸ್ತೆಯ ಪಕ್ಕ ಕಲ್ಲು ಮಾರುವಲ್ಲಿಗೆ ಹೋದೆವು. ಮಾಲೀಕ ಪಾಲಿಶ್ ಮಾಡಿದ ಕಲ್ಲನ್ನೇ ಮುಂದೆ ತಂದ. "ಅಕ್ಕಾರ, ಇದರಾಗ ಮುಖಾ ನೋಡ್ಕೋಬಹುದು ನೋಡ್ರಿ" ಎಂದ.

"ಮುಖಾ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಅದರಿ. ಮಳ್ಯಾಗ ಗಾಲಿ ಜಾರಬಾರದು, ಅಂಥಾದ್ದು ತೋರಸ್ರಿ" ಎಂದಳು.

ಆಮೇಲೆ ಒಂದು ಬಕೆಟ್ ನೀರು ತರಿಸಿದಳು. ನಮ್ಮ ಕಡೆ ಕಲ್ಲು ನೋಡುವ ರೀತಿಯೇ ಅದು. ಮೇಲೆ ನೀರು ಹೊಯ್ದು ಬಿಸಿಲಿಗೆ ಬಿಟ್ಟರೆ ಕಲ್ಲೆಲ್ಲ ಒಣಗುತ್ತದೆ, ಕಣ್ಣಿಗೆ ಕಾಣದ ಬಿರುಕು ಇದ್ದರೆ ಅಲ್ಲಿ ಮಾತ್ರ ಒದ್ದೆ ಗೆರೆ ಉಳಿಯುತ್ತದೆ. ಅವಳು ತಗಡಿನ ನೆರಳಿನಲ್ಲಿ ಕುರ್ಚಿಯ ಮೇಲೆ ಕೂತು, ಉತ್ತರ ಪತ್ರಿಕೆ ತಿದ್ದುವವಳಂತೆ ಒಂದೊಂದೇ ಕಲ್ಲಿಗೆ 'ಹ್ಞೂಂ', 'ಬ್ಯಾಡ' ಎನ್ನುತ್ತಾ ಹೋದಳು. ಮಾಲೀಕನಿಗೆ ಬೆವರಿಳಿಯಿತು. ಬೀಳುವ ಮೊದಲಿನ ಹೆಂಡತಿಯನ್ನು ನಾನು ಅವತ್ತು ಮತ್ತೆ ನೋಡಿದೆ. ಬರುವಾಗ ದಾರಿಯುದ್ದಕ್ಕೂ ಮಾತಾಡಿದಳು.

ಎರೆಮಣ್ಣಿನ ಮೇಲೆ ನೇರ ಫರ್ಸಿ ಹಾಕುವಂತಿಲ್ಲ. ಮಣ್ಣು ಅಗೆದು ತೆಗೆದು ಗರಸು, ಅಂದರೆ ಒರಟು ಜಲ್ಲಿಮಣ್ಣು, ತುಂಬಬೇಕು. ಹಾಗೆ ತುಂಬಿದ ಗರಸು ನೀರು ಕುಡಿದು ಕುಸಿದು ಗಟ್ಟಿಯಾಗಲು ಒಂದು ಮಳೆಗಾಲ ಬಿಡಬೇಕು. ಇದು ಗೌಂಡಿಗಷ್ಟೇ ತಿಳಿದ ಗುಟ್ಟಲ್ಲ, ನಮ್ಮೂರಲ್ಲಿ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ನಮ್ಮ ಮನೆಯ ಪಾಯವೇ ಒಂದು ಮಳೆಗಾಲ ಹಾಗೆ ಬಿದ್ದಿತ್ತು.

"ಗರಸು ಒಂದು ಮಳಿ ಕುಡದ್ರ ಛಲೋ ಸಾಹೇಬ್ರ. ಫರ್ಸಿ ಬರೋ ವರ್ಷ ಹಾಕೋಣ" ಎಂದ ಗೌಂಡಿ.

ಒಳಗಿನಿಂದ ಅವಳು ಕೇಳಿದಳು: "ಬರೋ ವರ್ಷದ ತನಕ ಸಾಲಿ ನನ್ನ ದಾರಿ ಕಾಯತದೇನು?"

ಮಳೆಯ ಬದಲು ನಾವೇ ನೀರು ಹೊಡೆದೆವು. ದಮ್ಮಸು ಹಾಕಿ ಹಾಕಿ ಗರಸು ಗಟ್ಟಿ ಮಾಡಿಸಿದೆವು. ದಾರ ಕಟ್ಟಿ ಗೌಂಡಿ ಒಂದೊಂದೇ ಕಲ್ಲು ಕೂಡಿಸಿದ. ಅವಳು ಬಾಗಿಲಲ್ಲಿ ಕೂತು, ತಾನು 'ಹ್ಞೂಂ' ಎಂದ ಕಲ್ಲುಗಳೇ ಹೌದೋ ಅಲ್ಲವೋ ಎಂದು ನೋಡುತ್ತಿದ್ದಳು. ಸಿಮೆಂಟು ಬಿಗಿದ ಮೇಲೆ ದಿನಾ ಸಂಜೆ ಗೇಟಿನ ತನಕ ಹೋಗಿ ಬರುವುದು ಶುರುವಾಯಿತು. ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲ.

ಶಾಲೆ ತೆರೆಯಿತು, ಅವಳು ಹೋದಳು. ನಾನು ಹಿಂದೆ ಹಿಂದೆ ಹೋದರೆ "ನಿಮಗ ಆಫೀಸ್ ಇಲ್ಲೇನ್ರಿ?" ಎಂದು ಗದರಿಸಿದಳು. ಗೇಟಿನ ಹತ್ತಿರ ನಿಂತು ನೋಡಿದೆ. ಓಣಿ ದಾಟಿದಳು. ಹುಡುಗರು ಓಡಿ ಬಂದು ಸುತ್ತ ನಿಂತರು. ನನ್ನ ಕಣ್ಣು ತುಂಬಿ ಬಂದವು. ಇನ್ನು ಎಲ್ಲಾ ಸರಿಹೋಯಿತು ಎಂದುಕೊಂಡೆ.

ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಒಂದು ರಾತ್ರಿ ಮಳೆ ಜಡಿಯಿತು. ಮುಂಜಾನೆ ನೋಡಿದರೆ ಅಂಗಳದ ಗುರುತೇ ಹತ್ತಲಿಲ್ಲ. ಎರಡೂ ಬದಿಯ ಎರೆಮಣ್ಣು ಉಬ್ಬಿತ್ತು, ನಡುವಿನ ಗರಸು ಕುಸಿದಿತ್ತು. ಕಲ್ಲುಗಳು ಒಂದು ಅಂಚು ಮೇಲೆ, ಒಂದು ಅಂಚು ಕೆಳಗೆ ಆಗಿ ಕೂತಿದ್ದವು.

"ಇವತ್ತೊಂದಿನ ಬ್ಯಾಡ" ಎಂದೆ. ಅವಳು ಕೇಳಲಿಲ್ಲ. ನಾನು ಹಿತ್ತಲಲ್ಲಿ ನೀರು ತುಂಬುತ್ತಿದ್ದಾಗ ಒಬ್ಬಳೇ ಹೊರಟಿದ್ದಳು. ಎದುರಿನ ಶಾಲೆಯ ಪ್ರಾರ್ಥನೆ ನಡುವೆಯೇ ನಿಂತುಹೋದದ್ದು ಕೇಳಿ ಓಡಿ ಬಂದೆ. ಗೇಟು ಇನ್ನೇನು ಬಂತು ಎನ್ನುವಲ್ಲಿ ಕುರ್ಚಿಯ ಮುಂದಿನ ಸಣ್ಣ ಗಾಲಿ ಎರಡು ಕಲ್ಲಿನ ನಡುವೆ ಸಿಕ್ಕು ಕುರ್ಚಿ ವಾಲಿತ್ತು. ಊಟದ ಡಬ್ಬಿ ಉರುಳಿ ಅನ್ನ ಕೆಸರಲ್ಲಿ ಬಿದ್ದಿತ್ತು. ಸಾಲಾಗಿ ನಿಂತ ಹುಡುಗರೆಲ್ಲ ಈ ಕಡೆಗೇ ನೋಡುತ್ತಿದ್ದರು. ನಾನು ತಲುಪುವ ಮೊದಲೇ ಹಾಲಿನವನೂ ದಾರಿಹೋಕರಿಬ್ಬರೂ ಒಳಗೆ ಬಂದು ಅವಳನ್ನು ಕುರ್ಚಿ ಸಮೇತ ಎತ್ತಿಬಿಟ್ಟಿದ್ದರು.

"ಟೀಚರ್, ಎಲ್ಲಿಗೆ ಒಯ್ಯೋಣ್ರಿ? ಸಾಲಿಗೋ, ಮನಿಗೋ?" ಹಾಲಿನವನು ಕೇಳಿದ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಅವಳು ಒಮ್ಮೆ ಶಾಲೆಯ ಕಡೆ ನೋಡಿದಳು. ಸಾಲಿಗೆ ಅನ್ನು, ಸಾಲಿಗೆ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಮನಿಗೆ" ಎಂದಳು.

ಮತ್ತೆ ಆ ಬಾಗಿಲು ದಾಟಿ ಶಾಲೆಗೆ ಹೋಗಲಿಲ್ಲ. ಹಲಗೆ ಹಾಸುತ್ತೇನೆ ಎಂದೆ, ಬೈದೆ, ಕಣ್ಣೀರಿಟ್ಟೆ, ಅವಳ ತಂದೆಯನ್ನು ಕರೆಸಿ ಹೇಳಿಸಿದೆ. ಯಾವುದೂ ನಡೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ರಾಜೀನಾಮೆ ಕೊಟ್ಟಳು.

ಮರುವರ್ಷ ಬೇಸಿಗೆಯಲ್ಲಿ ಗೌಂಡಿ ಕರೆಯದೆಯೇ ಬಂದ. ಕಲ್ಲು ಎಬ್ಬಿಸಿ, ಮಳೆ ಕುಡಿದು ಕೂತ ಗರಸಿನ ಮೇಲೆ ಅವೇ ಕಲ್ಲುಗಳನ್ನು ಮತ್ತೆ ಹಾಸಿದ. ಒಂದೂ ಒಡೆದಿರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಎಷ್ಟೋ ಮಳೆಗಾಲ ಹೋದವು, ಒಂದು ಕಲ್ಲೂ ಅಲುಗಿಲ್ಲ. ಆಮೇಲೆ ಹಳೆಯದೊಂದು ಕಾರು ಕೊಂಡೆ. ಆಸ್ಪತ್ರೆಗೆ ಹೋಗುವಾಗ ಅವಳು ಅದರಲ್ಲಿ ಕೂತರೆ ಬಾಗಿಲಿನಿಂದ ಗೇಟಿನ ತನಕ ಮೈಗೆ ಒಂದು ಕುಲುಕೂ ತಾಗುವುದಿಲ್ಲ. ಅವಳು ಕೆಳಗೆ ನೋಡುವುದೂ ಇಲ್ಲ.

ಅಷ್ಟು ದಿನವಾದರೂ ಹೋಗಿ ಬಂದಳಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಸಮಾಧಾನವಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಅದೂ ಗೊತ್ತಿಲ್ಲ.

ಮುಂಜಾನೆ ನಾನು ಫರ್ಸಿಗೆ ನೀರು ಹೊಯ್ದು ತೊಳೆಯುತ್ತೇನೆ. ಬಿಸಿಲು ಬಿದ್ದರೆ ಎಲ್ಲವೂ ಒಂದೇ ಸಮ ಒಣಗುತ್ತವೆ, ಎಲ್ಲಿಯೂ ಒದ್ದೆ ಗೆರೆ ಉಳಿಯುವುದಿಲ್ಲ.

"ಒಮ್ಮಿ ಗೇಟಿನ ತನಕ ಬಂದು ನೋಡ ಬಾ, ಭಾಳ ಸಪಾಟ ಅದ" ಎಂದು ಈಗಲೂ ಕರೆಯುತ್ತೇನೆ.

"ಇಲ್ಲಿಂದನೇ ಕಾಣಸ್ತದರಿ" ಎನ್ನುತ್ತಾಳೆ.

ಅಷ್ಟರಲ್ಲಿ ಎದುರು ಶಾಲೆಯ ಗಂಟೆ ಹೊಡೆಯುತ್ತದೆ. ಅವಳು ಕುರ್ಚಿಯನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತಾಳೆ. ಮನೆಯೊಳಗಿನ ಫರ್ಸಿಯ ಮೇಲೆ ಗಾಲಿಯ ಸದ್ದು ಅಡುಗೆಮನೆಯ ತನಕ ಹೋಗಿ ನಿಲ್ಲುತ್ತದೆ.