ಬಾಣಂತಿ ಕೋಣೆಯ ಬಿರುಕು

ಭೂಮಿ ನಡುಗಿದ ಸಂಜೆ ನಾನು ಶಿವಮೊಗ್ಗದ ನವುಲೆಯ ಬಾಡಿಗೆ ಕೋಣೆಯಲ್ಲಿ ಮನೆ ಮಾಲೀಕರ ಗೊರಕೆಯನ್ನು ಅನುಕರಿಸುತ್ತಿದ್ದೆ. ಗೊರಕೆ ಏರಿ, ಸೀಟಿಗೆ ತಿರುಗಿ, ನಡುವೆ ಒಮ್ಮೆ ನಿಂತು ಕೇಳುವವರನ್ನು ಹೆದರಿಸುವ ಹಂತಕ್ಕೆ ಬಂದಾಗ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಅಂದವು. "ಸಾಕು ನಿಲ್ಸೋ ಮಾರಾಯ, ಪಾತ್ರೆ ಎಲ್ಲಾ ಬೀಳುತ್ತೆ" ಎಂದ ಜೊತೆಗಾರ. ನಾನು ಆಗಲೇ ನಿಲ್ಲಿಸಿದ್ದೆ. ಲೋಟಗಳು ನಿಲ್ಲಿಸಿರಲಿಲ್ಲ. ಇಬ್ಬರೂ ಬನಿಯನ್‌ನಲ್ಲೇ ರಸ್ತೆಗೆ ಓಡಿದೆವು. ನಿಜವಾದ ಗೊರಕೆಯವರು ನಮಗಿಂತ ಮೊದಲೇ ಬಂದು, ಟವೆಲ್ ಸುತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದರು.

ಸಿವಿಲ್ ಡಿಪ್ಲೊಮಾ ಮುಗಿಸಿ ಸುಮ್ಮನೆ ಕೂತಿದ್ದ ನನಗೆ ಆ ನಡುಕದಿಂದಲೇ ಹದಿನೈದು ದಿನದ ಕೆಲಸ ಸಿಕ್ಕಿತು. ಹೀಗೆ ಹೇಳಬಾರದು, ಆದರೆ ನಿಜ. ಒಬ್ಬ ಎಂಜಿನಿಯರ್ ಮೇಡಂ ಜೊತೆ ಮನೆಮನೆಗೆ ಹೋಗಿ ಬಿರುಕುಗಳನ್ನು ದಾಖಲಿಸಬೇಕು. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯುವುದು, ಅದು ಮುಗಿಯುವ ಎರಡೂ ತುದಿಗೆ ಕೆಂಪು ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯುವುದು. ಕೆಲವು ದಿನ ಬಿಟ್ಟು ನೋಡಿದಾಗ ಬಿರುಕು ಗೆರೆ ದಾಟಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆಗ ಮನೆಯವರನ್ನು ಬೇರೆಡೆ ಕಳಿಸಬೇಕು.

ವಿಮಾನ ನಿಲ್ದಾಣದ ಪಕ್ಕದ ಸೋಗಾನೆಯಲ್ಲಿ ರೈತರೊಬ್ಬರು, "ವಿಮಾನ ಇಳೀತು ಅನ್ಕೊಂಡ್ವಿ ಸ್ವಾಮಿ. ಆಮೇಲೆ ಗಡಿಯಾರ ನೋಡಿದ್ರೆ ಆ ಹೊತ್ತಲ್ಲಿ ಯಾವ ವಿಮಾನಾನೂ ಇಲ್ಲ" ಎಂದರು. ಶಿವಮೊಗ್ಗ ಪೇಟೆಯ ಅಂಗಡಿಯೊಂದರಲ್ಲಿ, ಮೊನ್ನೆ ಬಿಟ್ಟದ್ದೆಂದು ತೋರಿಸಿದ ಬಿರುಕಿನೊಳಗೆ ಹಲ್ಲಿ ಮೊಟ್ಟೆಯಿಟ್ಟು ಸಂಸಾರ ಹೂಡಿತ್ತು. "ಹಲ್ಲಿ ಭಾರಿ ಚುರುಕು" ಎಂದಷ್ಟೇ ಹೇಳಿ ಮೇಡಂ ಹೊರಟರು. ಹೊರಗೆ ನಾನು ಅವರ ಮೂಗಿನ ಧ್ವನಿಯಲ್ಲಿ, "ಸ್ಕೇಲ್ ಎಲ್ರೀ, ಸ್ಕೇಲ್ ಇಲ್ದೆ ಫೋಟೊ ಯಾಕ್ರೀ" ಎಂದು ನಮ್ಮ ಜೀಪಿನ ಡ್ರೈವರ್‌ಗೆ ಮಾಡಿ ತೋರಿಸಿದೆ. ಡ್ರೈವರ್ ನಗಲಿಲ್ಲ. ಅದೇ ಧ್ವನಿ ನನ್ನ ಬೆನ್ನ ಹಿಂದಿನಿಂದ ಬಂತು: "ನನಗೆ ನೆಗಡಿ ಕಣ್ರೀ. ಮುಂದಿನ ವಾರ ವಾಸಿ ಆಗತ್ತೆ. ಆಗ ನೀವು ಮೊದಲಿಂದ ಕಲೀಬೇಕು."

ಭದ್ರಾವತಿಯ ಹಳೇನಗರದ ಓಣಿಯೊಂದರಲ್ಲಿ ಪರಿಹಾರ ಸಿಕ್ಕೀತೆಂದು ಎಲ್ಲರೂ ನಮ್ಮ ಕೈಹಿಡಿದು ಒಳಗೆ ಎಳೆಯುತ್ತಿದ್ದರು. ಒಬ್ಬಾಕೆ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದರು. ಬಟ್ಟೆ ಹೊಲಿದು ಮನೆ ನಡೆಸುವ, ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡ ಐವತ್ತರ ಹೆಂಗಸು.

"ನಮ್ಮನೇಲಿ ಏನೂ ಆಗಿಲ್ಲ. ಕಾಫಿ ಕೊಡ್ತೀನಿ, ಜಗಲಿ ಮೇಲೇ ಕೂತ್ಕೊಳ್ಳಿ."

"ಒಳಗೇ ಕುಡೀತೀವಿ" ಎಂದು ಮೇಡಂ ನುಗ್ಗಿಯೇಬಿಟ್ಟರು.

ಮಣ್ಣಿನ ಗೋಡೆಯ, ಹೆಂಚಿನ ಮನೆ. ಒಳಕೋಣೆಯಲ್ಲಿ ಹಸಿ ಸುಣ್ಣದ ವಾಸನೆ. ಮಂಚದ ಮೇಲೆ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ತುಂಬು ಬಸುರಿ ಮಗಳು ಮಾವಿನಕಾಯಿ ಹೋಳುಗಳಿಗೆ ಉಪ್ಪು ಒತ್ತಿಕೊಂಡು ತಿನ್ನುತ್ತಿದ್ದಳು. ಮೂಲೆಯಲ್ಲಿ ಮಡಿಸಿಟ್ಟ ಹಳೇ ಸೀರೆಗಳು, ಹೊಸ ಹಂಡೆ.

"ಸುಣ್ಣ ಯಾವಾಗ ಹೊಡೆದ್ರಿ?" ಮೇಡಂ ಕೇಳಿದರು.

"ಬಾಣಂತಿ ಕೋಣೆ ಅಲ್ವಾ ಮೇಡಂ, ಹೊಡೀದೆ ಇರೋಕಾಗತ್ತಾ?"

ಮೇಡಂ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ನನಗೋ ಬಾಯಿ ತುರಿಕೆ. ಸೊಂಟಕ್ಕೆ ಕೈಯಿಟ್ಟು, ಆ ತಾಯಿಯ ಧ್ವನಿಯಲ್ಲೇ ಮಗಳಿಗೆ ಹೇಳಿದೆ: "ನಮ್ಮನೇಲಿ ಏನೂ ಆಗಿಲ್ಲ. ಗೋಡೆ ಅಂದ್ರೆ ಗೋಡೆ, ಕಾಫಿ ಅಂದ್ರೆ ಕಾಫಿ." ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ, "ಹೂಂ ಅಣ್ಣಾ, ಬೆಳಗಾಗೆದ್ದು ಮಣ್ಣು ಮೆತ್ತಿ ಸುಣ್ಣ ಹೊಡೆದಾಗ್ಲೂ ಅಮ್ಮ ಇದನ್ನೇ ಹೇಳ್ತಿದ್ಲು" ಎಂದುಬಿಟ್ಟಳು.

ಗೋಡೆ ತಟ್ಟುತ್ತಿದ್ದ ಮೇಡಂ ಕೈ ಅಲ್ಲೇ ನಿಂತಿತು.

ತಾಯಿ ನನ್ನತ್ತ ತಿರುಗಿದರು. "ನೀನು ಮನೆ ನೋಡೋಕೆ ಬಂದಿದೀಯೋ, ನಾಟಕ ಮಾಡೋಕೋ?" ಆಮೇಲೆ ಮೇಡಂ ಕಡೆ ನೋಡಿ ದನಿ ತಗ್ಗಿಸಿದರು. "ಮೊದಲ್ನೇ ಹೆರಿಗೆ ಮೇಡಂ. ಬಿರುಕು ಬರ್ಕೊಂಡ್ರೆ ನೀವು ಖಾಲಿ ಮಾಡಿಸ್ತೀರಿ. ಇವಳನ್ನ ವಾಪಸ್ ಬೀಗರ ಮನೆಗೆ ಕಳ್ಸಿದ್ರೆ, ಒಂದು ಬಾಣಂತನ ಮಾಡೋಕೂ ಯೋಗ್ಯತೆ ಇಲ್ಲ ಅನ್ನಲ್ವಾ?"

ನಾನು ಸ್ಕೇಲನ್ನೇ ನೋಡುತ್ತಾ ನಿಂತೆ. ಮೇಡಂ ಬೈಯಲಿಲ್ಲ. ಬಿರುಕು ಎಲ್ಲಿಂದ ಎಲ್ಲಿಯವರೆಗಿತ್ತು ಎಂದು ತಾಯಿಯಿಂದಲೇ ಕೇಳಿ, ಹೊಸ ಸುಣ್ಣದ ಮೇಲೆಯೇ ಗೆರೆ ಹಾಕಿಸಿದರು. "ಮೂರು ದಿನ ಇಬ್ರೂ ಹೊರಗಿನ ಕೋಣೇಲಿ ಮಲಗಿ. ಗೋಡೆ ಸುಮ್ನಿದ್ರೆ ಬಾಣಂತನ ಇಲ್ಲೇ. ಸರಿದ್ರೆ ಇಲ್ಲ. ನಾನು ಹೇಳೋದಲ್ಲ, ಗೋಡೆ ಹೇಳ್ಬೇಕು."

ಮೂರನೆಯ ದಿನ ಹೋದಾಗ ತಾಯಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೀರು ಮೇಲಿಂದ ಇಳಿದು, ನಮ್ಮ ಕೆಂಪು ಗೆರೆ ದಾಟಿ ಎರಡು ಬೆರಳಷ್ಟು ಮುಂದೆ ಹೋಗಿತ್ತು. ಹಳೇ ಗೋಡೆಯಲ್ಲಾಗಿದ್ದರೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಮುಚ್ಚಲೆಂದು ಬಳಿದದ್ದೇ ತೋರಿಸಿಕೊಟ್ಟಿತ್ತು. "ದಿನಾ ಟೇಪಲ್ಲಿ ಅಳೆದೆ" ಎಂದರು ಆಕೆ. "ಹೊಲಿಗೆಯವಳಿಗೆ ಅಳತೆ ಸುಳ್ಳು ಹೇಳಲ್ಲ. ಇನ್ನು ನಮ್ಮನ್ನ ನಿಮ್ಮ ಪರಿಹಾರದ ಶಾಲೆಗೆ ಕಳ್ಸ್ತೀರಾ?"

ಪರಿಹಾರ ಕೇಂದ್ರ ಒಂದು ಶಾಲೆಯಲ್ಲಿತ್ತು, ಬೆಂಚುಗಳ ಮೇಲೆ ಜಮಖಾನ ಹಾಸಿ. ಬಾಣಂತಿಗೆ ಬಿಸಿನೀರು ಎಲ್ಲಿಂದ ತರುವುದು ಎಂದು ಮೇಡಂ ಹಣೆ ಉಜ್ಜಿಕೊಳ್ಳುತ್ತಿದ್ದಾಗ ಪಕ್ಕದ ಸಿಮೆಂಟ್ ಮನೆಯ ತಮಿಳಮ್ಮ ಜಗಲಿಯಿಂದಲೇ ಕೂಗಿದರು. "ಶಾಲೆ ಎದುಕ್ಕು ಮಾ? ಎಣ್ಣೆ ಹಚ್ಚಿ ಪಾಠ ಹೇಳ್ಕೊಡ್ತೀಯಾ? ನಮ್ಮ ಮುಂದಿನ ರೂಮು ಖಾಲಿ ಇದೆ. ಮಂಚ ತಗೊಂಡು ಬಾ. ಸಾರು ಮಾತ್ರ ನಾನೇ ಮಾಡೋದು."

"ಸಾರು ನಾನು ಮಾಡ್ತೀನಿ. ಕೋಣೆ ಮಾತ್ರ ನಿಂದು."

"ನಿನ್ನ ಸಾರಲ್ಲಿ ಮೆಣಸು ಎಲ್ಲಿರತ್ತೆ? ದುರ್ಬೀನು ಹಾಕ್ಬೇಕು."

ಜಗಳ ಮಗುವಿಗೆ ನೀರು ಹಾಕುವವರು ಯಾರು ಎಂಬಲ್ಲಿಗೆ ಮುಟ್ಟುವಷ್ಟರಲ್ಲಿ ನಾನೂ ಡ್ರೈವರೂ ಮಂಚ ಹೊತ್ತು ಓಣಿಯ ಮಧ್ಯಕ್ಕೆ ಬಂದಿದ್ದೆವು. ಮೇಡಂ ಮೊಬೈಲ್‌ನಲ್ಲಿ ಸಮೀಕ್ಷೆಯ ನಮೂನೆ ತೆರೆದರು. ಸ್ಥಳಾಂತರ ಎಲ್ಲಿಗೆ ಎಂಬುದಕ್ಕೆ ಅದರಲ್ಲಿ ಎರಡೇ ಆಯ್ಕೆ: ಪರಿಹಾರ ಕೇಂದ್ರ, ಸಂಬಂಧಿಕರ ಮನೆ.

"ಯಾವ್ದು ಹಾಕ್ಲಿ?"

"ಸಂಬಂಧಿಕರು ಅಂತ ಹಾಕಿ" ಎಂದರು ತಾಯಿ, ಅತ್ತ ನೋಡದೆ.

ತಮಿಳಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಮಂಚದ ಒಂದು ಕಾಲಿಗೆ ಕೈಹಾಕಿದರು. "ಎಷ್ಟು ವರ್ಷದಿಂದ ಜಗಳ ಆಡ್ತಿದೀವಿ. ಇನ್ನೇನು, ಹಾಕಿ ಮಾ."